ರೈಸ್ ಸ್ಕೋರ್ ಹಾಕಿಬಿಟ್ಟರೆ ತೀರ್ಮಾನ ಆದಂತೆಯೇ?

ಪ್ರಶ್ನೆ: ಬ್ಯಾಕ್‌ಲಾಗ್‌ನಲ್ಲಿರುವ (ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿರುವ) ಎಲ್ಲ ಫೀಚರ್‌ಗಳಿಗೂ ರೈಸ್ (RICE) ಸ್ಕೋರ್, ಅಂದರೆ ಯಾವುದನ್ನು ಮೊದಲು ಮಾಡಬೇಕು ಅಂತ ತೋರಿಸುವ ಅಂಕ, ಹಾಕಿದ್ದೇವೆ. ಜಾಸ್ತಿ ಅಂಕ ಬಂದದ್ದನ್ನು ಮೊದಲು ಮಾಡಿದರೆ ಸಾಕಲ್ವಾ?

ಸಾಲದು. ಇದೇ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ರೀಚ್ (ಎಷ್ಟು ಜನರನ್ನು ಮುಟ್ಟುತ್ತದೆ), ಇಂಪ್ಯಾಕ್ಟ್ (ಒಬ್ಬೊಬ್ಬರಿಗೆ ಎಷ್ಟು ಪ್ರಯೋಜನ), ಕಾನ್ಫಿಡೆನ್ಸ್ (ಈ ಅಂದಾಜಿನ ಮೇಲೆ ಎಷ್ಟು ಭರವಸೆ) ಗುಣಿಸಿ ಎಫರ್ಟ್‌ನಿಂದ (ಎಷ್ಟು ಕೆಲಸ ಹಿಡಿಯುತ್ತದೆ) ಭಾಗಿಸುತ್ತೀರಿ, ಸರಿ. ಆದರೆ ಆ ನಾಲ್ಕೂ ನಿಮ್ಮ ಅಂದಾಜು ತಾನೇ?

ಲೆಕ್ಕ ಮಾಡಿಯೇ ನೋಡಿ. ಒಂದು ಫೀಚರ್ ಮೂರು ತಿಂಗಳಲ್ಲಿ 2,000 ಜನರನ್ನು ಮುಟ್ಟುತ್ತದೆ. ಇಂಪ್ಯಾಕ್ಟ್ 1, ಕಾನ್ಫಿಡೆನ್ಸ್ 80%, ಒಬ್ಬರಿಗೆ 4 ತಿಂಗಳ ಕೆಲಸ. ಸ್ಕೋರ್ 400. ಇನ್ನೊಂದು 500 ಜನರಿಗೆ. ಇಂಪ್ಯಾಕ್ಟ್ 3, ಕಾನ್ಫಿಡೆನ್ಸ್ 50%, ಒಂದೇ ತಿಂಗಳ ಕೆಲಸ. ಸ್ಕೋರ್ 750. ಎರಡನೆಯದು ಗೆದ್ದಿತು. ಆದರೆ ಆ ಒಂದು ತಿಂಗಳು ಎರಡಾದರೆ? ಸ್ಕೋರ್ 375ಕ್ಕೆ ಇಳಿದು, ಸೋತಿತು. ಒಂದು ತಿಂಗಳೆಂದ ಕೆಲಸ ಎರಡು ತಿಂಗಳಾಗುವುದನ್ನು ನೀವು ನೋಡಿಲ್ಲವೇ?

ನನಗೆ ಹೆಚ್ಚು ಸಿಟ್ಟು ಬರಿಸುವುದು ಕಾನ್ಫಿಡೆನ್ಸ್ ಕಾಲಂ. ಮೇಲಿನವರಿಗೆ ಇಷ್ಟವಾದ ಫೀಚರ್‌ಗೆ 50% ಇದ್ದದ್ದು ಸಂಜೆಯೊಳಗೆ 100% ಆಗಿರುತ್ತದೆ. ದಯವಿಟ್ಟು ಹೀಗೆ ಮಾಡಬೇಡಿ. ಪ್ರತಿ ಅಂಕಿಯ ಪಕ್ಕ ಅದಕ್ಕೆ ಆಧಾರ ಏನು ಅಂತ ಒಂದು ಸಾಲು ಬರೆಯಿರಿ. ಬರೆಯಲು ಏನೂ ಇಲ್ಲವಾದರೆ ಕೋಡ್ ಬರೆಯಲು ಹೊರಡಬೇಡಿ. ಮೊದಲು ಐದಾರು ಗ್ರಾಹಕರ ಹತ್ತಿರ ಮಾತಾಡಿ.

ಆಗಲೂ "ಈ ಫೀಚರ್ ಬೇಕಾ?" ಅಂತ ಕೇಳಬೇಡಿ. ಎಲ್ಲರೂ ಬೇಕು ಅನ್ನುತ್ತಾರೆ. ಆ ಮಾತು ನಂಬಿ ನನ್ನ ತಂಡ ಮೂರು ತಿಂಗಳು ದುಡಿದದ್ದನ್ನು ಬಳಸಿದವರು ಬೆರಳೆಣಿಕೆಯಷ್ಟು ಜನ. "ಹೋದ ಸಲ ಈ ತೊಂದರೆ ಬಂದಾಗ ಏನು ಮಾಡಿದಿರಿ?" ಅಂತ ಕೇಳಿ. ಏನೂ ಮಾಡದೆ ಸುಮ್ನೆ ಇದ್ದರು ಅಂದರೆ ಆ ತೊಂದರೆ ಅವರಿಗೆ ಅಷ್ಟು ದೊಡ್ಡದಲ್ಲ.

ಇನ್ನು, 400 ಮತ್ತು 375ರ ನಡುವಿನ ವ್ಯತ್ಯಾಸಕ್ಕೆ ನಾನು ಬೆಲೆಯನ್ನೇ ಕೊಡುವುದಿಲ್ಲ. ಅಂಥ ಕಡೆ ಬೇಗ ಪರೀಕ್ಷಿಸಿ ನೋಡಬಹುದಾದದ್ದನ್ನು ಆರಿಸಿ.

ಪ್ರಶ್ನೆ: ಫೀಚರ್‌ಗಳನ್ನು 'ಮಸ್ಟ್' (ಬೇಕೇ ಬೇಕು), 'ಶುಡ್' (ಇರಬೇಕು), 'ಕುಡ್' (ಇದ್ದರೆ ಒಳ್ಳೆಯದು), 'ವೋಂಟ್' (ಈ ಸಲ ಬೇಡ) ಅಂತ ವಿಂಗಡಿಸುವ ಮಾಸ್ಕೋ (MoSCoW) ವಿಧಾನದಲ್ಲಿ ನಮ್ಮ ಪಟ್ಟಿಯೆಲ್ಲ 'ಮಸ್ಟ್' ಆಗಿದೆ. ಪರವಾಗಿಲ್ಲವೇ?

ಹಾಗಾದರೆ ನೀವು ಇನ್ನೂ ಆಯ್ಕೆಯನ್ನೇ ಮಾಡಿಲ್ಲ. ಯಾವುದು ಇಲ್ಲದಿದ್ದರೆ ಬಿಡುಗಡೆಯೇ ನಿಲ್ಲುತ್ತದೋ ಅದಷ್ಟೇ 'ಮಸ್ಟ್'.

ಪ್ರಶ್ನೆ: 'ಎಂದೂ ತಪ್ಪದ ರೋಡ್‌ಮ್ಯಾಪ್ ಫಾರ್ಮುಲಾ' (ರೋಡ್‌ಮ್ಯಾಪ್ ಅಂದರೆ ಯಾವುದನ್ನು ಯಾವಾಗ ಮಾಡುವುದು ಎಂಬ ಯೋಜನೆ) ಕಲಿಸುವ ಎರಡು ದಿನದ ಕೋರ್ಸ್ ಸೇರಲೇ?

ಬೇಡ. ಅಂಥ ಫಾರ್ಮುಲಾ ಇಲ್ಲ. ಇದೆ ಅನ್ನುವವರು ನಿಮ್ಮ ದುಡ್ಡು ಕೀಳುತ್ತಿದ್ದಾರೆ.

ಪ್ರಶ್ನೆ: ಪ್ರತಿಸ್ಪರ್ಧಿಗಳು ತಂದ ಫೀಚರನ್ನು ನಾವೂ ತರಬೇಕೇ?

ಅದಿಲ್ಲ ಅಂತ ನಿಮ್ಮನ್ನು ಬಿಟ್ಟುಹೋದ ಗ್ರಾಹಕರಿದ್ದರೆ ಯೋಚಿಸಿ. ಒಬ್ಬರೂ ಇಲ್ಲವೇ? ಬಿಡಿ.