ಮಗ ಪೂಜೆಗೆ ಬರಲ್ಲ ಅಂತಾನೆ, ತಪ್ಪು ನಂದೇನಾ ಫಾದರ್?

ಪ್ರಶ್ನೆ: ಫಾದರ್, ಮಗನಿಗೆ 21 ವರ್ಷ, ಇಂಜಿನಿಯರಿಂಗ್ ಕೊನೇ ವರ್ಷ. ಚಿಕ್ಕೋನಿದ್ದಾಗ ಪೂಜೇಲಿ ಫಾದರ್‌ಗೆ ಸಹಾಯ ಮಾಡೋ ಆಲ್ಟರ್ ಬಾಯ್ ಆಗಿದ್ದ, ಈಗ ಭಾನುವಾರ ಚರ್ಚಿನ ಪೂಜೆಗೆ ಎಬ್ಬಿಸಿದ್ರೆ ಜಗಳ, ಸಂಜೆ ಜಪಸರದ ಪ್ರಾರ್ಥನೆ ಶುರುವಾದ್ರೆ ರೂಂ ಬಾಗಿಲು ಹಾಕ್ಕೋತಾನೆ. ಅತ್ತೆ ‘ತಾಯಿ ನೆಟ್ಟಗಿದ್ರೆ ಮಕ್ಳು ನೆಟ್ಟಗಿರ್ತಾವೆ’ ಅಂತಾರೆ, ಯಜಮಾನರು ಬಾಯೇ ಬಿಡಲ್ಲ. ಇವನಿಗೆ ಊಟಾನೂ ಹಾಕ್ಬಾರ್ದು ಅನ್ನೋಷ್ಟು ಸಿಟ್ಟು ಬರುತ್ತೆ. ಏನ್ಮಾಡ್ಲಿ?
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ನೋಡಮ್ಮಾ, ಊಟ ಹಾಕ್ಬಾರ್ದು ಅನ್ನೋ ಸಿಟ್ಟು ನಿಮಗೊಬ್ರಿಗೇ ಬಂದಿದ್ದಲ್ಲ. ಆಗಸ್ಟ್ 27ಕ್ಕೆ ಹಬ್ಬ ಮಾಡ್ತೀವಲ್ಲ, ಸಂತ ಮೋನಿಕಾ, ಅವರಿಗೂ ಬಂದಿತ್ತು. ಮಗ ಅಗಸ್ಟೀನ್ (ಮುಂದೆ ಅವನೂ ಸಂತನಾದ) ಮನಿಕೇಯರ ಪಂಥ, ಅಂದ್ರೆ ಮಾನಿ ಅನ್ನೋನು ಶುರು ಮಾಡಿದ ಬೇರೆ ಮತ, ಸೇರ್ಕೊಂಡಾಗ ನನ್ನ ಜೊತೆ ಒಂದೇ ಮೇಜಲ್ಲಿ ಕೂತು ಉಣ್ಣಬೇಡ ಅಂದುಬಿಟ್ಟಿದ್ರು. ಆಮೇಲೆ ಒಂದು ಕನಸು ಬಿತ್ತು, ಅದ್ರಲ್ಲಿ ಅಮ್ಮ ನಿಂತ ಜಾಗದಲ್ಲೇ ಮಗ ಪಕ್ಕ ನಿಂತಿದ್ದ, ಅಷ್ಟಕ್ಕೇ ಮನಸ್ಸು ಕರಗಿ ಮತ್ತೆ ಊಟಕ್ಕೆ ಕರೆದ್ರು. ಅವನಿನ್ನೂ ಒಂಚೂರೂ ಬದಲಾಗಿರ್ಲಿಲ್ಲ, ಅದನ್ನ ಗಮನಿಸಿ.

ಇನ್ನೊಂದು ಸಂಗತಿ ನಂಗೆ ಓದಿದಾಗೆಲ್ಲ ನಗು ಬರುತ್ತೆ. ಮಗನಿಗೆ ಬುದ್ಧಿ ಹೇಳಿ ಅಂತ ಒಬ್ಬ ಬಿಷಪ್ ಹತ್ರ ಹೋದ್ರೆ ಅವರು, ಈಗ ಹೇಳಿದ್ರೆ ಕೇಳಲ್ಲ ಅವನು, ಬಿಟ್ಬಿಡಿ, ಪ್ರಾರ್ಥನೆ ಮಾತ್ರ ಮಾಡಿ, ಓದ್ತಾ ಓದ್ತಾ ಅವನಿಗೇ ತಿಳಿಯುತ್ತೆ ಅಂದ್ರು. ಈಯಮ್ಮ ಬಿಡ್ಬೇಕಲ್ಲ, ಅತ್ತು ಅತ್ತು ಪೀಡಿಸಿದ್ಮೇಲೆ ಬಿಷಪ್ಪರು ಬೇಜಾರಾಗಿ, ಹೋಗಮ್ಮ, ಇಷ್ಟು ಕಣ್ಣೀರಿನ ಮಗ ಹಾಳಾಗಿ ಹೋಗೋಕೆ ಸಾಧ್ಯಾನೇ ಇಲ್ಲ ಅಂದ್ರು.

ಹಾಗಂತ ಮರುದಿನವೇ ಏನೂ ಆಗ್ಲಿಲ್ಲ. ಕ್ರಿ.ಶ. 383ರಲ್ಲಿ ಅಗಸ್ಟೀನ್, ಫ್ರೆಂಡನ್ನ ಹಡಗು ಹತ್ತಿಸಿ ಬರ್ತೀನಿ ಅಂತ ಸುಳ್ಳು ಹೇಳಿ ರಾತ್ರೋರಾತ್ರಿ ಉತ್ತರ ಆಫ್ರಿಕಾದ ಕಾರ್ತೇಜಿಂದ ರೋಮಿಗೆ ಹೊರಟೇ ಹೋದ. ಕೊನೆಗೆ ಮಿಲಾನಲ್ಲಿ 387ರ ಈಸ್ಟರಿಗೆ ಅಲ್ಲಿನ ಬಿಷಪ್ ಸಂತ ಆಂಬ್ರೋಸರ ಕೈಲಿ ದೀಕ್ಷಾಸ್ನಾನ ಆಗಿ ಕ್ರೈಸ್ತನಾದಾಗ ಅವನಿಗೆ 32. ಅದೇ ವರ್ಷ ಮೋನಿಕಾ ತೀರಿಕೊಂಡ್ರು. ಇದನ್ನೆಲ್ಲ ಮಗಾನೇ ತನ್ನ ‘ಕನ್ಫೆಶನ್ಸ್’ ಪುಸ್ತಕದಲ್ಲಿ ಬರೆದಿಟ್ಟಿರೋದು. ಅಮ್ಮ ಯಾವ ವಾದದಲ್ಲಿ ಗೆದ್ರು ಅಂತ ಅವನು ಬರೆದಿಲ್ಲ, ಹೇಗೆ ಬದುಕಿದ್ರು, ಹೇಗೆ ಅತ್ತರು ಅಂತ ಬರೆದಿದ್ದಾನೆ.

ಮೋನಿಕಾ ಅವರ ಗಂಡ ಪತ್ರಿಸಿಯಸ್ ಮುಂಗೋಪಿ, ಕ್ರೈಸ್ತನೂ ಅಲ್ಲ. ಅವನು ಸಿಟ್ಟಲ್ಲಿದ್ದಾಗ ಮೋನಿಕಾ ಎದುರು ಮಾತಾಡ್ತಿರ್ಲಿಲ್ಲ, ತಣ್ಣಗಾದ್ಮೇಲೆ ಹೇಳೋದನ್ನ ಹೇಳ್ತಿದ್ರು. (ಮನೇಲಿ ಹೊಡೆತ ಬಡಿತ ಇರೋರು ಇದನ್ನ ಸಹಿಸ್ಕೊಳ್ಳಿ ಅನ್ನೋ ಉಪದೇಶ ಅಂತ ತಿಳ್ಕೋಬೇಡಿ, ಅಲ್ಲಿ ಸುಮ್ಮನಿರೋದು ತಪ್ಪು.) ಸಾಯೋ ಮೊದ್ಲು ಆತನೂ ಕ್ರೈಸ್ತನಾದ.

ಅತ್ತೆ ಮಾತಿಗೆ ಬಂದ್ರೆ, ತಾಯಿ ಪ್ರಭಾವ ದೊಡ್ಡದು ನಿಜ, ಆದ್ರೆ ಮಗನ ಮನಸ್ಸಿನ ಕೀ ನಿಮ್ಮ ಸೆರಗಿನ ಗಂಟಲ್ಲಿಲ್ಲ. ನೀವು ಜಪಸರ ಬಿಡ್ಬೇಡಿ, ಬಾಗಿಲ ಹಿಂದಿರೋನಿಗೆ ಕೇಳ್ಲಿ ಅಂತ ಗಟ್ಟಿಯಾಗೂ ಹೇಳ್ಬೇಡಿ. ಭಾನುವಾರ ಎಬ್ಬಿಸೋ ಕೆಲಸ ನಿಲ್ಲಿಸಿ, ಮಧ್ಯಾಹ್ನ ಅವನಿಗಿಷ್ಟವಾದ ಸಾರು ಮಾಡಿ. ಮತ್ತೆ ಯಜಮಾನರಿಗೆ ಹೇಳಿ, ಒಂದಿನ ಅವನನ್ನ ಟೀಗೆ ಕರ್ಕೊಂಡು ಹೋಗ್ಲಿ, ಪೂಜೆ ಸುದ್ದಿ ಮಾತ್ರ ಎತ್ತೋದು ಬೇಡ.