ಬಲ್ಬ್ ಒಳಗೆ ಗ್ಯಾಸ್ ಇರತ್ತಾ? ಟ್ಯೂಬ್‌ಲೈಟ್ ಒಡೆದ್ರೆ ವಿಷಾನಾ?

ಪ್ರಶ್ನೆ: ಸಾರ್, ನಮ್ದು ಚಿಕ್ಕಬಳ್ಳಾಪುರ ತಾಲೂಕು, ಸೇವಂತಿಗೆ ಬೆಳೀತೀವಿ. ಮೊಗ್ಗು ಬೇಗ ಬರಬಾರ್ದು ಅಂತ ರಾತ್ರಿ ತೋಟಕ್ಕೆ ಲೈಟ್ ಹಾಕ್ತೀವಿ, ಮೊದ್ಲು ಬುರುಡೆ ಬಲ್ಬ್ ಇತ್ತು, ಈಗ ಎಲ್‌ಇಡಿ. ಬುರುಡೆ ಬಲ್ಬ್ ಒಳಗೆ ಏನೂ ಇರಲ್ಲ ಅಂತಾರೆ ನಮ್ಮಣ್ಣ, ಗ್ಯಾಸ್ ಇರತ್ತೆ ಅಂತಾನೆ ಎಲೆಕ್ಟ್ರಿಷಿಯನ್, ಯಾವ್ದು ಸರಿ? ಬೀದಿ ಲೈಟು ಯಾಕೆ ಹಳದಿ ಇರ್ತಿತ್ತು? ಮೊನ್ನೆ ಪಂಪ್‌ಹೌಸಲ್ಲಿ ಟ್ಯೂಬ್‌ಲೈಟ್ ಬಿದ್ದು ಒಡೀತು, ಅದ್ರ ಗ್ಯಾಸ್ ವಿಷಾನಾ?

ಉತ್ತರ: ಇಬ್ರೂ ಹೇಳಿದ್ದು ಸರಿನೇ. 1879ರಲ್ಲಿ ಎಡಿಸನ್ ಮಾಡಿದ ಬಲ್ಬಲ್ಲಿ ಗಾಳಿನೆಲ್ಲ ಎಳೆದು ಖಾಲಿ ಮಾಡಿದ್ರು, ಯಾಕಂದ್ರೆ ಆಕ್ಸಿಜನ್ ಸಿಕ್ಕಿದ್ರೆ ಫಿಲಮೆಂಟ್, ಅಂದ್ರೆ ಒಳಗೆ ಕಾದು ಬೆಳಗೋ ಸಣ್ಣ ತಂತಿ, ಸುಟ್ಟೋಗತ್ತೆ. ಆಮೇಲೆ ಟಂಗ್‌ಸ್ಟನ್ ಅನ್ನೋ ಲೋಹದ ಫಿಲಮೆಂಟ್ ಬಂತು, ಆದ್ರೆ ಖಾಲಿ ಬುರುಡೇಲಿ ಕಾದ ಟಂಗ್‌ಸ್ಟನ್ ಸವೆದು ಆವಿಯಾಗಿ ಗಾಜಿಗೆ ಮೆತ್ಕೊಂಡು ಬಲ್ಬು ಒಳಗಿಂದ ಕಪ್ಪಾಗ್ತಿತ್ತು. 1913ರ ಹೊತ್ತಿಗೆ ಜನರಲ್ ಎಲೆಕ್ಟ್ರಿಕ್ ಕಂಪನೀಲಿದ್ದ ಇರ್ವಿಂಗ್ ಲ್ಯಾಂಗ್ಮ್ಯೂರ್ ಅನ್ನೋರು ಒಳಗೆ ನೈಟ್ರೋಜನ್ ತುಂಬಿದ್ರು, ಹಾರೋಕೆ ಹೊರಟ ಟಂಗ್‌ಸ್ಟನ್ ಕಣಗಳು ಆ ಗ್ಯಾಸಿಗೆ ಡಿಕ್ಕಿ ಹೊಡ್ದು ಎಷ್ಟೋ ವಾಪಸ್ ಫಿಲಮೆಂಟಿಗೇ ಬೀಳ್ತಾವೆ, ಸವೆತ ಕಮ್ಮಿ. ಆದ್ರೆ ಗ್ಯಾಸ್ ಇದ್ರೆ ಶಾಖನೂ ಹೊರಗೆ ಸಾಗಿಸತ್ತಲ್ಲ, ಅದಕ್ಕೇ ಆಮೇಲೆ ಆರ್ಗಾನ್ ತಂದ್ರು. ಅದು ನೈಟ್ರೋಜನ್‌ಗಿಂತ ಭಾರ, ಶಾಖ ಸಾಗಿಸೋದು ಕಮ್ಮಿ, ಯಾವ್ದರ ಜೊತೆಗೂ ಸೇರಲ್ಲ, ನಾವು ಉಸಿರಾಡೋ ಗಾಳೀಲೇ ಶೇ 0.93ರಷ್ಟು ಇರೋದ್ರಿಂದ ತೀರಾ ದುಬಾರಿನೂ ಅಲ್ಲ. ಬರೀ ಆರ್ಗಾನ್ ಹಾಕಿದ್ರೆ ಒಳಗೆ ಕಿಡಿ ಹಾರೋ ಭಯ, ಹಂಗಾಗಿ ಸ್ವಲ್ಪ ನೈಟ್ರೋಜನ್ ಬೆರೆಸ್ತಾರೆ. ಜೀರೋ ಬಲ್ಬ್ ಥರ ಕಮ್ಮಿ ವ್ಯಾಟಿನವು ಮಾತ್ರ ಆಮೇಲೂ ಹೆಚ್ಚಾಗಿ ಖಾಲಿನೇ. ನಿಮ್ಮಣ್ಣನ ಮಾತು ಅವಕ್ಕೆ ಸರಿ, ಎಲೆಕ್ಟ್ರಿಷಿಯನ್ ಮಾತು 60, 100 ವ್ಯಾಟಿನ ಬಲ್ಬಿಗೆ ಸರಿ.

ಗಾಡಿ ಹೆಡ್‌ಲೈಟಿನ ಹ್ಯಾಲೋಜನ್ ಬಲ್ಬಲ್ಲಿ ಅಯೋಡಿನ್ ಇಲ್ಲಾ ಬ್ರೋಮಿನ್ ಚೂರು ಸೇರ್ಸಿರ್ತಾರೆ, ಅದು ಹಾರಿಹೋದ ಟಂಗ್‌ಸ್ಟನ್ನನ್ನ ಹಿಡ್ಕೊಂಡು ಬಂದು ಮತ್ತೆ ಫಿಲಮೆಂಟಿಗೇ ಸೇರಿಸತ್ತೆ.

ಇಷ್ಟರಲ್ಲೆಲ್ಲ ಗ್ಯಾಸು ಬರೀ ಕಾವಲಿಗೆ, ಬೆಳಕು ಕೊಡೋದು ಫಿಲಮೆಂಟು. ಬೀದಿಯ ಹಳದಿ ಲೈಟಲ್ಲಿ ಹಂಗಲ್ಲ, ಅಲ್ಲಿ ಆವಿನೇ ಬೆಳಗೋದು. ಅದು ಸೋಡಿಯಂ. ಒಂದೊಂದು ಧಾತುವಿಗೂ ಅದರದ್ದೇ ಬಣ್ಣ ಇರತ್ತೆ, ಸೋಡಿಯಂದು ಅಲೆಯ ಉದ್ದ 589 ನ್ಯಾನೋಮೀಟರ್ ಸುತ್ತಮುತ್ತ ಇರೋ ಹಳದಿ. ನಿಯಾನ್ ಆದ್ರೆ ಕಿತ್ತಳೆ ಕೆಂಪು, ನಿಮ್ಮ ಎಲೆಕ್ಟ್ರಿಷಿಯನ್ ಜೇಬಲ್ಲಿರೋ ಟೆಸ್ಟರ್ ಒಳಗೆ ಮಿನುಗೋದು ಅದೇ.

ನಿಮ್ಮ ಸೇವಂತಿಗೆಗೆ ಗ್ಯಾಸ್ ಯಾವ್ದಾದ್ರೂ ಒಂದೇ, ಅದಕ್ಕೆ ಬೇಕಿರೋದು ಕೆಂಪು ಬೆಳಕು. ರಾತ್ರಿ ಮಧ್ಯೆ ಅದು ಬಿದ್ರೆ ಗಿಡ ಇನ್ನೂ ಹಗಲು ಉದ್ದ ಐತೆ ಅಂತ್ಲೇ ಬೆಳೀತಾ ಹೋಗತ್ತೆ, ಮೊಗ್ಗು ಕಟ್ಟಲ್ಲ. ಬುರುಡೆ ಬಲ್ಬಲ್ಲಿ ಕೆಂಪು ಜಾಸ್ತಿ ಇತ್ತು, ಎಲ್‌ಇಡಿ ತಗೊಳೋವಾಗ್ಲೂ ಅದನ್ನ ನೋಡಿ ತಗೊಳಿ.

ಟ್ಯೂಬ್‌ಲೈಟ್ ವಿಷಯ ಮಾತ್ರ ಹುಷಾರು. ಒಳಗಿರೋ ಆರ್ಗಾನ್‌ನಿಂದ ಏನೂ ಆಗಲ್ಲ, ಆದ್ರೆ ಜೊತೆಗೆ ಕೆಲವು ಮಿಲಿಗ್ರಾಂ ಪಾದರಸ ಇರತ್ತೆ. ಕಣ್ಣಿಗೆ ಕಾಣದ ನೇರಳಾತೀತ ಕಿರಣ ಕೊಡೋದು ಆ ಪಾದರಸದ ಆವಿ, ಅದನ್ನ ಬೆಳಕು ಮಾಡೋದು ಗಾಜಿಗೆ ಒಳಗಡೆ ಬಳಿದಿರೋ ಬಿಳಿ ಪುಡಿ. ಒಂದು ಟ್ಯೂಬ್ ಒಡೆದಿದ್ದಕ್ಕೆ ಗಾಬರಿ ಬೇಡ, ಆದ್ರೆ ಇನ್ನೊಂದ್ಸಲ ಆದ್ರೆ ಬಾಗಿಲು ಕಿಟಕಿ ತೆಗೆದು ಮಕ್ಕಳನ್ನ ಕರ್ಕೊಂಡು ಒಂದು ಹದಿನೈದು ನಿಮಿಷ ಆಚೆ ಇರಿ, ಪೊರಕೇಲಿ ಗುಡಿಸ್ಬೇಡಿ, ಪುಡಿ ಎದ್ದು ಹರಡತ್ತೆ. ಗಟ್ಟಿ ರಟ್ಟಲ್ಲಿ ಚೂರು ಎತ್ತಿ, ಉಳಿದ ಪುಡಿನ ಒದ್ದೆ ಬಟ್ಟೇಲಿ ಒರೆಸಿ, ಎಲ್ಲಾನೂ ಮುಚ್ಚಳ ಇರೋ ಡಬ್ಬಕ್ಕೆ ಹಾಕಿ ಬೇರೆ ಇಡಿ. ತಿಪ್ಪೆಗಂತೂ ಎಸೀಲೇಬೇಡಿ, ಆ ಗೊಬ್ಬರ ಹೋಗೋದು ನಿಮ್ಮ ಹೊಲಕ್ಕೇ.