ಕೋಳಿಗೂಡಿನ ಧೂಳು, ಅಪ್ಪನ ಕೆಮ್ಮು

ಬದಿಯಡ್ಕದ ತೋಟದಲ್ಲಿ ಹಳೇ ಕೋಳಿಗೂಡು ಗುಡಿಸಿದ ಹತ್ತು ದಿನಕ್ಕೆ ಅಪ್ಪನಿಗೆ ಜ್ವರ, ಕೆಮ್ಮು ಶುರುವಾಗಿದೆ, ಹಿಕ್ಕೆಯಿಂದ ಬಂದದ್ದಾ, ಮಕ್ಕಳಿಗೆ ಅಂಟುತ್ತದಾ ಎಂದು ಕೇಳಿದ್ದೀರಿ.

ಹಿಕ್ಕೆಯಿಂದ ಬರುವ ಸಾಧ್ಯತೆ ಇದೆ. ಅದಕ್ಕೆ ಹಿಸ್ಟೋಪ್ಲಾಸ್ಮೋಸಿಸ್ ಎನ್ನುತ್ತಾರೆ, ಬೂಷ್ಟಿನಿಂದ ಬರುವ ಶ್ವಾಸಕೋಶದ ಸೋಂಕು. ಕೋಳಿಗೆ ಈ ರೋಗ ಬರುವುದಿಲ್ಲ, ಅದರ ಮೈಬಿಸಿ ಜಾಸ್ತಿ. ಹಿಕ್ಕೆ ಬಿದ್ದು ಹಳತಾದ ಮಣ್ಣಿನಲ್ಲಿ ಒಂದು ಬಗೆಯ ಬೂಷ್ಟು ಬೆಳೆಯುತ್ತದೆ. ಒಣಗಿದ್ದನ್ನು ಗುಡಿಸಿದರೆ ಅದರ ಕಣಗಳು ಎದ್ದು ಉಸಿರಿನ ಜೊತೆ ಶ್ವಾಸಕೋಶ ಸೇರುತ್ತವೆ. ಬಾವಲಿ ಹಿಕ್ಕೆಯಲ್ಲೂ ಹಾಗೇ. ಲಕ್ಷಣ ಕಾಣಿಸುವುದು 3ರಿಂದ 17 ದಿನದಲ್ಲಿ, ನಿಮ್ಮ ಲೆಕ್ಕಕ್ಕೆ ಹೊಂದುತ್ತದೆ ಅಲ್ವಾ?

ಇದೇ ಆಗಿದ್ದರೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಆದರೆ ಎಕ್ಸ್‌ರೇಯಲ್ಲಿ ಇದು ಕ್ಷಯದಂತೆಯೇ ಕಾಣಬಹುದು. ಹಾಗಾಗಿ ಸುಮ್ನೆ ಕೆಮ್ಮಿನ ಸಿರಪ್ ಕುಡಿಸುತ್ತಾ ಕೂರಬೇಡಿ. ಎದೆಯ ಡಾಕ್ಟರಿಗೆ ತೋರಿಸಿ, ಕೋಳಿಗೂಡಿನ ವಿಷಯ ನೀವೇ ಬಾಯಿಬಿಟ್ಟು ಹೇಳಿ. ಕೇಳದಿದ್ದರೂ ಹೇಳಿ. ಕಫ ಪರೀಕ್ಷೆಯ ಜೊತೆ ರಕ್ತ, ಮೂತ್ರದ ಪರೀಕ್ಷೆಯಿಂದ ಇದನ್ನು ಪತ್ತೆ ಹಚ್ಚಬಹುದು. ಹೆಚ್ಚಿನವರಿಗೆ ತಾನಾಗಿ ವಾಸಿಯಾಗುತ್ತದೆ, ಬೇಕಾದರೆ ಬೂಷ್ಟಿನ ಸೋಂಕಿಗೆ ಕೊಡುವ ಇಟ್ರಾಕೊನಜೋಲ್ ಮಾತ್ರೆ ಕೊಡುತ್ತಾರೆ. ಅಪ್ಪನಿಗೆ ಸಕ್ಕರೆ ಕಾಯಿಲೆ ಇದ್ದರೆ, ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ತಡ ಮಾಡಬೇಡಿ. ಉಸಿರು ಕಟ್ಟಿದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಉಳಿದ ಗೊಬ್ಬರ ಅಡಿಕೆ ಬುಡಕ್ಕೆ ಹಾಕುವ ಮೊದಲು ನೀರು ಚಿಮುಕಿಸಿ ಒದ್ದೆ ಮಾಡಿ. ಎನ್‌95 ಮಾಸ್ಕ್ ಹಾಕಿಕೊಳ್ಳಿ, ಬೈರಾಸು ಕಟ್ಟಿಕೊಂಡರೆ ಸಾಲದು.